ತೋಟದ ಮನೆಗೆ ಬರುವ ಹಿರಿ ನಾಯಿಗಳು, ಮೈಮೇಲೆ ಹಾರುವ ಐದು ತಿಂಗಳ ಮರಿ: ಹೇಗೆ ಹೊಂದಿಸೋದು?

ಏಲಕ್ಕಿಬೇಲಿ_ಮೂಡಿಗೆರೆ:

ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ತೋಟದ ಮನೆ. ಗುಂಡ ಅಂತ ಐದು ತಿಂಗಳ ಗಂಡು ಮರಿ ಇದೆ, ಲ್ಯಾಬ್ ಮತ್ತು ನಾಟಿ ಬೆರಕೆ, ತೂಕ 14 ಕೆಜಿ. ದೀಪಾವಳಿಗೆ ಬೆಂಗಳೂರಿಂದ ಅಣ್ಣ-ಅತ್ತಿಗೆ ಬಂದು ಐದು ದಿನ ಇರ್ತಾರೆ, ಜೊತೆಗೆ ಅವರ ಎರಡು ನಾಯಿ. ರೂಬಿ ಹತ್ತು ವರ್ಷದ ಹೆಣ್ಣು ಲ್ಯಾಬ್, ಹಿಂಗಾಲು ಕೀಲು ನೋವಿಗೆ ಮಾತ್ರೆ ನಡೀತಿದೆ. ಚಿಂಟು ಏಳು ವರ್ಷದ ಗಂಡು ಪಮೇರಿಯನ್, ಸ್ವಲ್ಪ ಸಿಡುಕ.

ಗುಂಡ ಕೆಟ್ಟವನಲ್ಲ, ಆದರೆ ಯಾವ ನಾಯಿ ಕಂಡರೂ ನೇರ ಮುಖಕ್ಕೆ ಓಡ್ತಾನೆ, ಕುತ್ತಿಗೆ ಮೇಲೆ ಮುಂಗಾಲು ಹಾಕಿ ಕಿವಿ ಹಿಡಿದು ಎಳೀತಾನೆ. ಎದುರಿನ ನಾಯಿ ಗುರ್ ಅಂದರೆ ಅದನ್ನೂ ಆಟ ಅಂದುಕೊಂಡು ಇನ್ನೂ ಜಾಸ್ತಿ ಹಾರ್ತಾನೆ. ಮನೆಗೆ ಮುಂದೆ ಜಗಲಿ, ಒಳಗೆ ದೊಡ್ಡ ಹಾಲ್ (ಹಳೇ ರೆಡ್ ಆಕ್ಸೈಡ್ ನೆಲ), ಹಿಂದೆ ಕಣ. ಹಬ್ಬಕ್ಕೆ ಇನ್ನೂ ಮೂರು ವಾರ ಇದೆ. ಈಗಿಂದ ಏನು ಕಲಿಸಬೇಕು, ಮೊದಲ ಭೇಟಿ ಎಲ್ಲಿ ಮಾಡಿಸಬೇಕು, ರೂಬಿ ಗದರಿದರೆ ಯಾರನ್ನು ಬೈಯಬೇಕು? ವಿವರವಾಗಿ ತಿಳಿಸಿ.

ಹೇಮಾವತಿ_ತಿರುವು:

ಮೂರು ವಾರ ಇರೋದು ಒಳ್ಳೇದಾಯ್ತು. ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ: ಯಾರನ್ನೂ ಬೈಯಬೇಡಿ. ಮರಿಯನ್ನು ತಡೆಯುವ ಕೆಲಸ ರೂಬಿಯದ್ದಲ್ಲ, ನಿಮ್ಮದು. ರೂಬಿ ಗದರುವ ಹಂತಕ್ಕೆ ಬಂತು ಅಂದರೆ ಅದಕ್ಕೆ ಮೊದಲೇ ಎರಡು ಮೂರು ಸಲ ಮೆಲ್ಲಗೆ ಹೇಳಿರುತ್ತೆ, ಮನೆಯವರು ಗಮನಿಸಿರಲ್ಲ ಅಷ್ಟೇ. ಗದರಿದ್ದಕ್ಕೆ ಬೈದು ಬೈದು ಆ ಸದ್ದನ್ನು ನಿಲ್ಲಿಸಿದರೆ ಮುಂದೆ ಎಚ್ಚರಿಕೆ ಕೊಡದೇ ನೇರ ಬಾಯಿ ಹಾಕುವ ನಾಯಿ ತಯಾರಾಗುತ್ತೆ.

ಈ ಮೂರು ವಾರದಲ್ಲಿ ಗುಂಡನಿಗೆ ಕಲಿಸಬೇಕಾದ ಮುಖ್ಯ ಪಾಠ ಒಂದೇ. ಇಷ್ಟವಾದದ್ದು ಎದುರಿಗಿದ್ದರೂ ಹೆಸರು ಕೇಳಿದ ಕೂಡಲೇ ತಿರುಗಿ ನಿಮ್ಮ ಹತ್ತಿರ ಬರಬೇಕು. ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯನ್ನು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ ಡಬ್ಬಿಯಲ್ಲಿಡಿ. ಮೊದಲ ನಾಲ್ಕೈದು ದಿನ ಮನೆ ಒಳಗೇ: "ಗುಂಡ, ಬಾ" ಒಂದೇ ಸಲ ಹೇಳಿ, ಬಂದ ತಕ್ಷಣ ಒಂದು ಚೂರು ಕೊಡಿ, ಮತ್ತೆ ಬಿಟ್ಟುಬಿಡಿ. ಈ "ಮತ್ತೆ ಬಿಟ್ಟುಬಿಡಿ" ಅನ್ನೋದು ಮುಖ್ಯ. ಕರೆದಾಗೆಲ್ಲ ಕಟ್ಟಿಹಾಕಿದರೆ ಅಥವಾ ಆಟ ಮುಗಿಸಿದರೆ "ಬಾ" ಅಂದರೆ ನಷ್ಟ ಅಂತ ಮರಿ ಕಲಿತುಬಿಡುತ್ತೆ. ದಿನಕ್ಕೆ ನಾಲ್ಕೈದು ಸಲ, ಒಂದೊಂದು ಸಲಕ್ಕೆ ಮೂರರಿಂದ ಐದು ನಿಮಿಷ ಸಾಕು. ಎರಡನೇ ವಾರ ಜಗಲಿಯಲ್ಲಿ, ಕಣದಲ್ಲಿ, ಕೋಳಿ ಅಥವಾ ದನ ದೂರದಲ್ಲಿ ಕಾಣುವಾಗ ಮಾಡಿ. ಮೂರನೇ ವಾರ ಲೈನಿನ (ತೋಟದ ಕೆಲಸಗಾರರ ಮನೆಸಾಲಿನ) ನಾಯಿಗಳು ಐವತ್ತು ಅರವತ್ತು ಅಡಿ ಆಚೆ ಇರುವಾಗ. ಹತ್ತು ಸಲ ಕರೆದರೆ ಕನಿಷ್ಠ ಎಂಟು ಸಲವಾದರೂ ಬರ್ತಿಲ್ಲ ಅಂದರೆ ದೂರ ಜಾಸ್ತಿ ಮಾಡಿ. ದನಿ ಜಾಸ್ತಿ ಮಾಡಿ ಪ್ರಯೋಜನ ಇಲ್ಲ.

ಇನ್ನೊಂದು ತಯಾರಿ ಹಗ್ಗ. ಒಂದೂವರೆ ಎರಡು ಮೀಟರ್ ಉದ್ದದ ತೆಳು ನೈಲಾನ್ ಹಗ್ಗವನ್ನು ಎದೆ ಹಾರ್ನೆಸ್ಸಿಗೆ ಕಟ್ಟಿ, ಇನ್ನೊಂದು ತುದಿಯಲ್ಲಿ ಕೈಹಿಡಿ ಕುಣಿಕೆಯಾಗಲೀ ಗಂಟಾಗಲೀ ಇರದಂತೆ ಕತ್ತರಿಸಿ ತುದಿ ಸುಟ್ಟುಬಿಡಿ. ಕುಣಿಕೆ ಇದ್ದರೆ ಕುರ್ಚಿ ಕಾಲಿಗೆ, ಕಾಫಿ ಗಿಡದ ಬುಡಕ್ಕೆ ಸಿಕ್ಕಿಕೊಳ್ಳುತ್ತೆ. ಮರಿ ಇದನ್ನು ನೆಲದ ಮೇಲೆ ಎಳೆದುಕೊಂಡು ಓಡಾಡಲಿ, ನೀವು ಎದುರಿಗಿದ್ದಾಗ ಮಾತ್ರ. ಕರೆದಾಗ ಬರದಿದ್ದರೆ ಹಗ್ಗದ ತುದಿ ಮೆಟ್ಟಿ, ಮೆಲ್ಲಗೆ ನಡೆಸಿಕೊಂಡು ಬರಬಹುದು. ಎರಡು ನಾಯಿ ಮುಖಾಮುಖಿ ಇದ್ದಾಗ ಕುತ್ತಿಗೆ ಬೆಲ್ಟಿಗೆ ಕೈ ಹಾಕೋದು ಒಳ್ಳೇದಲ್ಲ. ಹಿರಿ ನಾಯಿಗೂ ಗಾಬರಿ, ನಿಮ್ಮ ಕೈಗೂ ಅಪಾಯ.

ಈಗ ಮೊದಲ ಭೇಟಿ. ಮನೆ ಬೇಡ, ಜಗಲಿ ಬೇಡ, ಕಣವೂ ಬೇಡ. ಗುಂಡನಿಗೆ ಅವೆಲ್ಲ ತನ್ನ ಜಾಗ. ಗೇಟಿಂದ ಇನ್ನೂರು ಮೀಟರ್ ಆಚೆ ತೋಟದ ರಸ್ತೆಯಲ್ಲಿ ಮಾಡಿ. ಅವರು ಕಾರಿನಲ್ಲಿ ಐದಾರು ಗಂಟೆ ಕೂತು ಬಂದಿರ್ತಾರೆ. ನಾಯಿಗಳು ಇಳಿದು ಉಚ್ಚೆ ಹೊಯ್ದು, ನೀರು ಕುಡಿದು ಒಂದು ಗಂಟೆ ಸುಧಾರಿಸಿಕೊಳ್ಳಲಿ. ಅಷ್ಟು ಹೊತ್ತು ಗುಂಡ ಕಣ್ಣಿಗೆ ಬೀಳದಂತೆ ಹಿಂದಿನ ರೂಮಿನಲ್ಲಿರಲಿ.

ಮೊದಲು ರೂಬಿ ಒಬ್ಬಳೇ. ಎರಡನ್ನೂ ಒಟ್ಟಿಗೆ ತರಬೇಡಿ. ನೀವು ಗುಂಡನನ್ನು ಹಿಡಿದುಕೊಳ್ಳಿ, ಅಣ್ಣ ರೂಬಿಯನ್ನು. ಮೂವತ್ತು ನಲವತ್ತು ಅಡಿ ಅಂತರ ಇಟ್ಟು ಇಬ್ಬರೂ ಒಂದೇ ದಿಕ್ಕಿಗೆ ನಡೀರಿ, ರೂಬಿ ಮುಂದೆ, ಗುಂಡ ಹಿಂದೆ. ಎದುರುಬದುರಾಗಿ ಬರುವುದೇ ನಾಯಿ ಲೋಕದಲ್ಲಿ ಒರಟುತನ. ಹಿಂದಿನಿಂದ, ಓರೆಯಾಗಿ, ಬಾಗಿದ ದಾರಿಯಲ್ಲಿ ಬರೋದು ಮರ್ಯಾದೆ. ರೂಬಿ ಮೂಸಿದ ಜಾಗ, ಉಚ್ಚೆ ಹೊಯ್ದ ಜಾಗವನ್ನು ಗುಂಡ ಎಷ್ಟು ಹೊತ್ತು ಬೇಕಾದರೂ ಮೂಸಲಿ. ಅರ್ಧ ಪರಿಚಯ ಅಲ್ಲೇ ಮುಗಿಯುತ್ತೆ. ಗುಂಡ ರೂಬಿಯನ್ನು ನೋಡಿ ತಾನಾಗಿ ನಿಮ್ಮ ಕಡೆ ತಿರುಗಿದಾಗೆಲ್ಲ ಒಂದು ಚೂರು ಕೋಳಿ. ಹಗ್ಗ ಜಗ್ಗದೆ ನಡೆಯೋಕೆ ಶುರುವಾದ ಮೇಲೆ ಅಂತರ ಹತ್ತು ಅಡಿಗೆ ಇಳಿಸಿ. ಕೆಲವು ಮರಿಗಳಿಗೆ ಹತ್ತು ನಿಮಿಷ ಸಾಕು, ಕೆಲವಕ್ಕೆ ಅವತ್ತು ಆಗೋದೇ ಇಲ್ಲ. ಆಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಸಂಜೆ ಮತ್ತೆ ಮಾಡಿ.

ಹಗ್ಗ ಬಿಗಿ ಹಿಡಿಯಬಾರದು ಅಂತ ಯಾಕೆ ಹೇಳ್ತಾರೆ ಗೊತ್ತಾ? ಬಿಗಿಯಾದಾಗ ಮರಿಯ ಮುಂಗಾಲು ನೆಲ ಬಿಟ್ಟು ಎದೆ ಮೇಲೇಳುತ್ತೆ. ಎದುರಿನ ನಾಯಿಗೆ ಅದು ಮೈ ಸೆಟೆದು ನಿಂತು ಸವಾಲು ಹಾಕಿದ ಹಾಗೆ ಕಾಣುತ್ತೆ.

ಮೂಸಲು ಬಿಡುವಾಗ ಬಾಲದ ಕಡೆಯಿಂದ, ಮೂರು ಸೆಕೆಂಡು. ಒಂದು, ಎರಡು, ಮೂರು, "ಗುಂಡ, ಬಾ", ಚೂರು ಕೊಡಿ, ನಾಲ್ಕು ಹೆಜ್ಜೆ ದೂರ ಹೋಗಿ. ಇದನ್ನು ನಾಲ್ಕೈದು ಸಲ. ತಿಂಡಿಯನ್ನು ಎರಡು ನಾಯಿಗಳ ನಡುವೆ ಕೊಡಬೇಡಿ, ನಿಮ್ಮ ಬೆನ್ನ ಹಿಂದೆ ಕರೆದು ಕೊಡಿ. ಆಮೇಲೆ ಚಿಂಟುವಿನ ಸರದಿ, ಅದೇ ಕ್ರಮ. ಕೊನೆಗೆ ಮೂವರೂ ಸೇರಿ ಒಂದು ಸಣ್ಣ ಸುತ್ತು.

ಮನೆ ಒಳಗೆ ಹಿರಿಯರು ಮೊದಲು ಹೋಗಲಿ, ಎಲ್ಲ ಮೂಲೆ ಮೂಸಲಿ, ಮಲಗುವ ಜಾಗ ಆರಿಸಿಕೊಳ್ಳಲಿ. ಆಮೇಲೆ ಗುಂಡ ಹಗ್ಗದೊಂದಿಗೆ ಒಳಗೆ ಬರಲಿ. ಅದಕ್ಕೂ ಮೊದಲು ನೆಲದ ಮೇಲಿರುವ ಊಟದ ಬಟ್ಟಲು, ಮೂಳೆ, ಚೆಂಡು, ಆಟದ ಸಾಮಾನು ಎಲ್ಲ ಎತ್ತಿಡಿ. ನೀರಿನ ಬಟ್ಟಲು ಮಾತ್ರ ಎರಡು ಮೂರು ಕಡೆ ಇರಲಿ. ಊಟ ಮೂವರಿಗೂ ಬೇರೆ ಬೇರೆ ಬಾಗಿಲ ಹಿಂದೆ.

ಒಟ್ಟಿಗೆ ಇರುವ ಹೊತ್ತು ಮೊದಲ ದಿನ ಐದರಿಂದ ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಅದಕ್ಕಿಂತ ಹೆಚ್ಚು ಬೇಡ. ಐದು ತಿಂಗಳ ಮರಿಗೆ ದಿನದ ಬಹುಪಾಲು ನಿದ್ದೆ ಬೇಕು, ನೆಂಟರು ಬಂದ ಮನೆಯಲ್ಲಿ ಅದರ ಅರ್ಧವೂ ಸಿಗಲ್ಲ. ನಿದ್ದೆಗೆಟ್ಟ ಮರಿ ಸುಸ್ತಾಗಿ ಮಲಗೋದು ಬಿಟ್ಟು ಕಚ್ಚೋಕೆ, ಹಾರೋಕೆ ಶುರು ಮಾಡುತ್ತೆ. "ಚೆನ್ನಾಗಿ ಓಡಿಸಿ ಸುಸ್ತು ಮಾಡಿಸಿ, ಸುಮ್ಮನಾಗ್ತಾನೆ" ಅನ್ನೋ ಸಲಹೆ ಎಲ್ಲೆಡೆ ಸಿಗುತ್ತೆ, ಈ ವಯಸ್ಸಿಗೆ ಅದು ಉಲ್ಟಾ ಹೊಡೆಯೋದೇ ಹೆಚ್ಚು. ಒಂದು ಗಂಟೆ ಎಚ್ಚರ, ಒಂದೂವರೆ ಎರಡು ಗಂಟೆ ಕತ್ತಲೆ ರೂಮಿನಲ್ಲಿ ನಿದ್ದೆ, ಈ ಲೆಕ್ಕ ಇಟ್ಟುಕೊಳ್ಳಿ.

ಕಣದ_ಕಾವಲುಗಾರ_ಬೇಲೂರು:

ಇಷ್ಟೆಲ್ಲಾ ಯಾಕೆ ಸ್ವಾಮಿ. ಹಿರಿ ನಾಯಿ ಒಂದ್ಸಲ ಸರಿಯಾಗಿ ಕೊಟ್ಟರೆ ಮರಿ ತಾನೇ ಬುದ್ಧಿ ಕಲಿಯುತ್ತೆ. ಹಳ್ಳಿ ನಾಯಿಗಳೆಲ್ಲ ಹಾಗೇ ತಾನೆ ಬೆಳೆಯೋದು? ಹಗ್ಗ, ಸೆಕೆಂಡು ಲೆಕ್ಕ ಯಾರೂ ಮಾಡಲ್ಲ.

ಪಶುವೈದ್ಯೆ_ಹಾಸನ:

ಬೇಲೂರಿನವರ ಮಾತಲ್ಲಿ ಅರ್ಧ ಸತ್ಯ ಇದೆ. ಊರ ನಾಯಿಗೆ ಎದ್ದು ಹೋಗಲು ಇಡೀ ಬೀದಿ ಇರುತ್ತೆ, ಮರಿಗೂ ಓಡಿಹೋಗಲು ಜಾಗ ಇರುತ್ತೆ, ಮತ್ತು ಹುಟ್ಟಿದಾಗಿಂದ ಅದೇ ಗುಂಪಿನಲ್ಲಿ ಪಳಗಿರುತ್ತೆ. ಬಾಗಿಲು ಹಾಕಿದ ಹಾಲ್‌ನಲ್ಲಿ, ಕೀಲು ನೋವಿನ ಲ್ಯಾಬ್ ಮುಂದೆ, ಅದೂ ಅಪರಿಚಿತ ಮನೆಯಲ್ಲಿ ಆ ಲೆಕ್ಕ ನಡೆಯಲ್ಲ. ಆರೋಗ್ಯವಾಗಿರುವ, ಸಮಾಧಾನದ ಹಿರಿ ನಾಯಿ ಗದರಿದರೆ ಅದರಲ್ಲಿ ಅಳತೆ ಇರುತ್ತೆ: ಸದ್ದು ಜಾಸ್ತಿ, ಹಲ್ಲು ಕಡಿಮೆ. ನೋವಿರುವ ನಾಯಿ ಸೊಂಟದ ಮೇಲೆ 14 ಕೆಜಿ ಬಿದ್ದಾಗ ಅಳತೆ ನೋಡಲ್ಲ. ಮರಿಯ ಕಣ್ಣಿಗೆ, ಮೂತಿಗೆ ಗಾಯ ಆಗೋದು ಇಂಥ ಹೊತ್ತಿನಲ್ಲೇ.

ವಯಸ್ಸಿನ ವಿಷಯವೂ ಇದೆ. ತೀರಾ ಎಳೆ ಮರಿಗೆ ಹಿರಿಯರು ತುಂಬಾ ಸಲುಗೆ ಕೊಡ್ತಾವೆ. ನಾಲ್ಕೈದು ತಿಂಗಳಿಂದ ಅದು ಕಡಿಮೆಯಾಗುತ್ತಾ ಬರುತ್ತೆ. ಗಂಡು ಮರಿಯಲ್ಲಿ ಈ ಹೊತ್ತಿಗೆ ಟೆಸ್ಟೋಸ್ಟೆರಾನ್ ಏರತೊಡಗುತ್ತೆ, ವಾಸನೆಯಲ್ಲೇ ಇತರ ನಾಯಿಗಳಿಗೆ ಗೊತ್ತಾಗುತ್ತೆ. ಗುಂಡನಿಗೆ ಮೂರು ತಿಂಗಳಿದ್ದಾಗ ಸಿಕ್ಕಿದ್ದರೆ ಬಹುಶಃ ಏನೂ ಅನ್ನದಿರುತ್ತಿದ್ದ ಚಿಂಟು ಈಗ ಸಿಡಿದರೆ ಆಶ್ಚರ್ಯ ಇಲ್ಲ. ಜೊತೆಗೆ ಗುಂಡನಿಗೆ ಹಲ್ಲು ಬದಲಾಗುವ ಕಾಲ, ಏಳು ತಿಂಗಳ ತನಕ ವಸಡು ಕಡಿತ ಇರುತ್ತೆ. ಸಿಕ್ಕಿದ್ದೆಲ್ಲ ಬಾಯಿಗೆ ಹೋಗೋದಕ್ಕೆ ಅದೂ ಕಾರಣ.

ರೂಬಿಯ ಬಗ್ಗೆ ಅತ್ತಿಗೆಗೆ ಮೊದಲೇ ಹೇಳಿ: ನೋವಿನ ಮಾತ್ರೆ ಪ್ರಯಾಣದ ದಿನವೂ ತಪ್ಪಬಾರದು, ಡಾಕ್ಟರ್ ಹೇಳಿದ ಹೊತ್ತಿಗೆ ಊಟದ ಜೊತೆ ಕೊಡಬೇಕು. ಮಾತ್ರೆ ಮರೆತು ಬಂದರೆ ಮನೆಯಲ್ಲಿರುವ ಡೈಕ್ಲೋಫಿನಾಕ್, ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಯಾವುದನ್ನೂ ಕೊಡಬೇಡಿ. ನಾಯಿಗೆ ಹೊಟ್ಟೆಯಲ್ಲಿ ರಕ್ತಸ್ರಾವ, ಕಿಡ್ನಿ ಅಥವಾ ಲಿವರ್ ಹಾನಿ ಆಗುತ್ತೆ. ಮಲೆನಾಡಿನ ಬೆಳಗಿನ ಚಳಿಗೆ ಕೀಲು ಬಿಗಿಯಾಗಿರುತ್ತೆ, ಹಾಗಾಗಿ ಎದ್ದ ಕೂಡಲೇ ಮರಿಯನ್ನು ಹತ್ತಿರ ಬಿಡಬೇಡಿ. ಅರ್ಧ ಗಂಟೆ ನಿಧಾನಕ್ಕೆ ಓಡಾಡಿದ ಮೇಲೆ ಆಗಲಿ.

ನಿಮ್ಮ ರೆಡ್ ಆಕ್ಸೈಡ್ ನೆಲ ನೋಡೋಕೆ ಚೆಂದ, ಮುದಿ ಲ್ಯಾಬ್‌ಗೆ ಶತ್ರು. ಜಾರುವ ನೆಲದಲ್ಲಿ ಎದ್ದು ಹೋಗೋಕಾಗಲ್ಲ ಅಂತ ಗೊತ್ತಿರುವ ನಾಯಿ ಕೂತಲ್ಲೇ ಗದರುತ್ತೆ. ಹಾಸಿಗೆಯಿಂದ ನೀರಿನ ತನಕ, ಅಲ್ಲಿಂದ ಬಾಗಿಲ ತನಕ ಗೋಣಿ ಚೀಲ ಅಥವಾ ಹಿಂದೆ ರಬ್ಬರ್ ಇರುವ ಮ್ಯಾಟ್ ಸಾಲಾಗಿ ಹಾಸಿ. ಪಾದದ ಗಾದಿಗಳ ನಡುವಿನ ಕೂದಲು, ಉಗುರು ಕತ್ತರಿಸಿಕೊಂಡು ಬರಲು ಹೇಳಿ.

ಲಸಿಕೆ: ಮರಿಗೆ ಆರರಿಂದ ಎಂಟು ವಾರಕ್ಕೆ ಶುರುವಾಗಿ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುವ ಡಿಸ್ಟೆಂಪರ್-ಪಾರ್ವೊ ಲಸಿಕೆಯ ಕೊನೇ ಡೋಸ್ 16 ವಾರ ತುಂಬಿದ ಮೇಲೆ ಆಗಿರಬೇಕು. ಅದಕ್ಕೆ ಮುಂಚೆ ತಾಯಿ ಹಾಲಿನಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನೇ ಕೆಲಸ ಮಾಡದ ಹಾಗೆ ತಡೆಯಬಹುದು. ಕಾರ್ಡ್ ತೆಗೆದು ತಾರೀಖು ನೋಡಿ. ರೇಬೀಸ್ ಮೂರು ತಿಂಗಳಿಗೆ ಆಗಿರಬೇಕು. ಮಲೆನಾಡಿನಲ್ಲಿ ಇಲಿ ಜ್ವರದ, ಅಂದರೆ ಲೆಪ್ಟೊಸ್ಪೈರೋಸಿಸ್‌ನ ಲಸಿಕೆ ಬಿಡಬೇಡಿ. ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಇಲಿ ಉಚ್ಚೆ ಸೇರಿದ ನಿಂತ ನೀರು ತೋಟದಲ್ಲಿ ಎಲ್ಲಿ ಬೇಕಾದರೂ ಇರುತ್ತೆ, ಮನುಷ್ಯರಿಗೂ ಬರುವ ಕಾಯಿಲೆ ಇದು. ಬರುವ ನಾಯಿಗಳಲ್ಲಿ ಯಾವುದಕ್ಕಾದರೂ ಒಣ ಕೆಮ್ಮು ಇದ್ದರೆ ಭೇಟಿಯೇ ಬೇಡ. ಕೆನಲ್ ಕಾಫ್ ಗಾಳಿಯಲ್ಲಿ ಹರಡುತ್ತೆ, ಲಕ್ಷಣ ಕಾಣಿಸಲು ಎರಡು ವಾರ ಕೂಡ ಹಿಡಿಯಬಹುದು.

ಉಣುಗು: ಬೆಂಗಳೂರಿನ ನಾಯಿಗಳಿಗೆ ಬರುವ ಮೊದಲೇ ಉಣುಗಿನ ಮಾತ್ರೆ ಆಗಿರಲಿ (ಕೆಲವು ಒಂದು ತಿಂಗಳು, ಕೆಲವು ಮೂರು ತಿಂಗಳು ಕೆಲಸ ಮಾಡ್ತವೆ. ಫಿಟ್ಸ್ ಬಂದ ಇತಿಹಾಸ ಇದ್ದರೆ ಡಾಕ್ಟರಿಗೆ ಹೇಳಿಯೇ ತೆಗೆದುಕೊಳ್ಳಬೇಕು). ತೋಟದಿಂದ ಬಂದ ಮೇಲೆ ಕಿವಿ ಒಳಗೆ, ಬೆರಳ ಸಂದು, ಕಂಕುಳು ನೋಡಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಾಣಿಸುವ ಕಾಡಂಚಿನವರು ನಾಯಿಯನ್ನು ಕಾಡಿಗೆ ಬಿಟ್ಟು ಆಮೇಲೆ ಹಾಸಿಗೆ ಮೇಲೆ ಹತ್ತಿಸಿಕೊಳ್ಳಬಾರದು. ಉಣುಗು ಮನೆಯೊಳಗೆ ಬರುವ ದಾರಿಗಳಲ್ಲಿ ಇದೂ ಒಂದು.

ಇಷ್ಟಾದ ಮೇಲೂ ಹಲ್ಲು ತಾಗಿದರೆ: ಚುಚ್ಚಿದ ಗಾಯ ಹೊರಗೆ ಸಾಸಿವೆಯಷ್ಟು, ಒಳಗೆ ಆಳ ಇರುತ್ತೆ. ಸುತ್ತಲಿನ ಕೂದಲು ಕತ್ತರಿಸಿ, ಉಪ್ಪು ನೀರಲ್ಲಿ ಅಥವಾ ಹಾಲು ಹಾಕದ ಚಹಾ ಬಣ್ಣಕ್ಕೆ ನೀರು ಬೆರೆಸಿದ ಪೊವಿಡೋನ್ ಅಯೋಡಿನ್‌ನಲ್ಲಿ ತೊಳೆದು ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಅರಿಶಿನ ಮೆತ್ತಿ ಮುಚ್ಚಬೇಡಿ, ಕೀವು ಒಳಗೇ ಕಟ್ಟುತ್ತೆ. ಕಣ್ಣು ಮುಚ್ಚಿಕೊಂಡೇ ಇದ್ದರೆ, ಅಥವಾ ಚಿಂಟುವಿನಂಥ ಸಣ್ಣ ನಾಯಿಯನ್ನು ಹಿಡಿದು ಅಲ್ಲಾಡಿಸಿದ್ದರೆ, ಹೊರಗೆ ಗಾಯ ಕಾಣದಿದ್ದರೂ ತಕ್ಷಣ ಹೊರಡಿ. ಎದೆಗೂಡಿಗೆ ಏಟು ಬಿದ್ದಿರಬಹುದು. ದೊಡ್ಡ ವಿಷಯ ಆದರೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮನುಷ್ಯರಿಗೆ ಹಲ್ಲು ತಾಗಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ. ಮನೆ ನಾಯಿ, ಲಸಿಕೆ ಆಗಿದೆ ಅಂತ ಕೂರಬೇಡಿ.

ಸಕಲೇಶಪುರ_ರೊಬಸ್ಟಾ:

ಮರಿ ಕಲಿಸೋದು ಮೇಲಿನವರು ಹೇಳಿದ್ದಾರೆ. ತೋಟದ ಮನೆಯ ಕೆಲವು ವಿಷಯ ನನ್ನದು.

ಅಡ್ಡಬಾಗಿಲು ಬೇಕೇ ಬೇಕು. ಪೇಟೆಯ ಬೇಬಿ ಗೇಟ್ ಹಳೇ ಮನೆಯ ದಪ್ಪ ಬಾಗಿಲವಾಡಕ್ಕೆ ಸರಿಯಾಗಿ ಕೂರಲ್ಲ. ಬಿದಿರಿನ ತಟ್ಟಿ ಅಥವಾ ಮರದ ಪಟ್ಟಿ ಚೌಕಟ್ಟು ಮಾಡಿಸಿ, ಎತ್ತರ ಮೂರೂವರೆ ಅಡಿ, ಪಟ್ಟಿಗಳ ನಡುವೆ ಎರಡು ಇಂಚಿಗಿಂತ ಹೆಚ್ಚು ಸಂದಿ ಬೇಡ (ಚಿಂಟು ತಲೆ ತೂರಿಸ್ತಾನೆ). ಕೆಳಗೆ ನೆಲಕ್ಕೆ ತಾಗಿರಲಿ, ಇಲ್ಲದಿದ್ದರೆ ಗುಂಡ ಮೂತಿ ಹಾಕಿ ಎತ್ತುತ್ತಾನೆ. ಎರಡು ಕಬ್ಬಿಣದ ಕೊಕ್ಕೆ, ಮೇಲೊಂದು ಕೆಳಗೊಂದು. ಬಡಗಿಗೆ ಅರ್ಧ ದಿನದ ಕೆಲಸ. ನಿಮ್ಮ ಹಾಲ್ ಮತ್ತು ಹಿಂದಿನ ರೂಮಿನ ನಡುವೆ ಒಂದು, ಜಗಲಿಗೆ ಒಂದು ಇದ್ದರೆ ಐದು ದಿನ ನೆಮ್ಮದಿ. ಒಂದು ವಾರ ಮುಂಚೆಯೇ ಕೂರಿಸಿ ಗುಂಡನಿಗೆ ಅಭ್ಯಾಸ ಮಾಡಿಸಿ, ನೆಂಟರು ಬಂದ ದಿನವೇ ಮೊದಲ ಸಲ ತಟ್ಟಿ ಹಿಂದೆ ಹಾಕಿದರೆ ಮನೆ ಹಾರಿಹೋಗೋ ಹಾಗೆ ಕೂಗ್ತಾನೆ.

ತೋಟದ ದಾರಿಗೆ ಉಣುಗೋಲು (ಅಡ್ಡಕ್ಕೆ ಸರಿಸುವ ಗಳಗಳ ತಡೆ) ಇದ್ದರೆ ಅದನ್ನು ಗೇಟ್ ಅಂತ ಲೆಕ್ಕಕ್ಕೆ ಇಡಬೇಡಿ. ದನಕ್ಕೆ ಅದು ಅಡ್ಡಿ, ನಾಯಿಗೆ ಸ್ವಾಗತ. ಬೆಂಗಳೂರಿನ ನಾಯಿಗೆ ದಾರಿ ಗೊತ್ತಿರಲ್ಲ, ಪಟಾಕಿಗೆ ಹೆದರಿ ಓಡಿದರೆ ಕಾಫಿ ಸಾಲಿನಲ್ಲಿ ಹುಡುಕೋದು ಕಷ್ಟ. ಎರಡಕ್ಕೂ ಬೆಲ್ಟಿನಲ್ಲಿ ನಿಮ್ಮ ಮನೆ ಫೋನ್ ನಂಬರ್ ಬರೆದ ಬಿಲ್ಲೆ ಹಾಕಿಸಿ.

ಕಟ್ಟಿಹಾಕೋದು: ಒಂದು ನಾಯಿ ಕಟ್ಟಿ, ಇನ್ನೊಂದನ್ನು ಬಿಡಬೇಡಿ. ಕಟ್ಟಿದ ನಾಯಿಗೆ ದೂರ ಹೋಗುವ ದಾರಿ ಇರಲ್ಲ, ಹಾಗಾಗಿ ಮೊದಲೇ ಹಲ್ಲು ತೋರಿಸುತ್ತೆ. ಬಿಟ್ಟ ಮರಿ ಅದನ್ನೇ ಹೋಗಿ ಕೆಣಕುತ್ತೆ. ತೋಟದ ಮನೆಗಳಲ್ಲಿ ನೆಂಟರ ನಾಯಿ ಬಂದಾಗ ಆಗುವ ಜಗಳಕ್ಕೆ ಇದೇ ದೊಡ್ಡ ಕಾರಣ ಅನ್ನೋದು ನನ್ನ ಅಭಿಪ್ರಾಯ.

ಒಟ್ಟಿಗೆ ನಡೆಸೋ ಹೊತ್ತು ಬಿಸಿಲು ಬಿದ್ದ ಮೇಲೆ ಇಟ್ಟುಕೊಳ್ಳಿ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ನಸುಕಿನಲ್ಲಿ ತೋಟದ ರಸ್ತೆಗೆ ಕಾಡಾನೆ ಇಳಿದಿರಬಹುದು. ನಾಯಿ ಬೊಗಳಿ ಕೆಣಕಿ, ಆಮೇಲೆ ಹೆದರಿ ನಿಮ್ಮ ಕಾಲ ಬಳಿಗೇ ಓಡಿಬರುತ್ತೆ, ಹಿಂದೆ ಆನೆ. ಸಂಜೆ ಆರರ ಒಳಗೆ ಎಲ್ಲ ಒಳಗಿರಲಿ, ಚಿರತೆಗೆ ಪಮೇರಿಯನ್ ಒಂದು ತುತ್ತು.

ಕಣ ಮತ್ತು ಗೋಡೌನು ನೋಡಿಕೊಳ್ಳಿ. ಅರೇಬಿಕಾ ಕಾಫಿ ಕೊಯ್ಲು ಶುರುವಾಗಿದ್ದರೆ ಕಣದಲ್ಲಿ ಹಣ್ಣು ಹರಡಿರ್ತೀರಿ. ಸಿಹಿ ಸಿಪ್ಪೆಗೆ ಲ್ಯಾಬ್‌ಗಳು ಬಾಯಿ ಹಾಕ್ತಾವೆ, ಕೆಫೀನ್ ನಾಯಿಗೆ ವಿಷ. ನಡುಕ, ವಾಂತಿ, ಎದೆ ಡವಡವ ಕಂಡರೆ ಕಾಯಬೇಡಿ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರಿನ ಗುಂಡಿ ಮುಚ್ಚಿರಲಿ, ಇಲಿ ಪಾಷಾಣ ಇಟ್ಟಿದ್ದರೆ ಹಬ್ಬಕ್ಕೆ ಮೊದಲೇ ತೆಗೆಯಿರಿ. ಪಾಡ್ಯಮಿ ದಿನ ಗೋಪೂಜೆಗೆ ದನ ಮೈ ತೊಳೆದು ಅಂಗಳಕ್ಕೆ ತಂದಾಗ ಮೂರು ನಾಯಿಯೂ ತಟ್ಟಿ ಹಿಂದೆ. ಹೂವಿನ ಹಾರ ಹಾಕಿದ ಹಸು, ಅದರ ಹಿಂದೆ ಗುಂಡ, ಅವನ ಹಿಂದೆ ಮನೆಯವರೆಲ್ಲ ಓಡೋದು ಬೇಡ.

ಪಟಾಕಿ ಹೊತ್ತಿನಲ್ಲಿ ಮೂವರೂ ಬೇರೆ ಬೇರೆ ರೂಮು. ಹೆದರಿದ ನಾಯಿ ಪಕ್ಕದಲ್ಲಿ ಯಾರಿದ್ದರೂ ಅವರ ಮೇಲೇ ಬಾಯಿ ಹಾಕಬಹುದು, ಎಷ್ಟೇ ಸ್ನೇಹ ಆಗಿದ್ದರೂ.

ಏಲಕ್ಕಿಬೇಲಿ_ಮೂಡಿಗೆರೆ:

ಎಲ್ಲರಿಗೂ ಧನ್ಯವಾದ, ಬಡಗಿಗೆ ಹೇಳಿಕಳಿಸಿದ್ದೀನಿ. ಮೂರು ಸಂಶಯ. ತಟ್ಟಿ ಹಿಂದೆ ಹಾಕಿದರೆ ಗುಂಡ ಕಿರುಚುತ್ತಾನೆ, ಆಗ ಏನು ಮಾಡೋದು? ಗುಂಡ ಹತ್ತಿರ ಬಂದರೆ ಅತ್ತಿಗೆ ಚಿಂಟುವನ್ನು ಎತ್ತಿಕೊಂಡು ಬಿಡ್ತಾರೆ, ಅದು ಸರಿಯಾ? ಆಟ ಆಡ್ತಿದ್ದಾವೋ ಜಗಳವೋ ಗುರುತಿಸೋದು ಹೇಗೆ, ಹಗ್ಗ ಯಾವಾಗ ಬಿಚ್ಚಬಹುದು?

ಹೇಮಾವತಿ_ತಿರುವು:

ಎತ್ತಿಕೊಳ್ಳೋದು ಬೇಡ ಅಂತ ಅತ್ತಿಗೆಗೆ ಸಮಾಧಾನವಾಗಿ ಹೇಳಿ. ಸಣ್ಣ ನಾಯಿ ಮೇಲೆ ಹೋದ ಕೂಡಲೇ ಮರಿಗೆ ಅದು ಹಾರಿ ಹಿಡಿಯುವ ಆಟ ಆಗುತ್ತೆ, ಮಡಿಲಲ್ಲಿ ಕೂತ ಚಿಂಟುಗೆ ಮಡಿಲನ್ನೇ ಕಾಯುವ ಚಟ ಹತ್ತುತ್ತೆ. ಎತ್ತುವ ಬದಲು ಎದ್ದು ಇಬ್ಬರ ನಡುವೆ ಕಾಲು ಅಡ್ಡ ಇಟ್ಟು ನಿಂತರೆ ಸಾಕು, ನೀವು ಹಗ್ಗ ಹಿಡಿದು ಗುಂಡನನ್ನು ಕರೆದುಕೊಳ್ಳಿ. ಚಿಂಟುಗೆ ಹೋಗಿ ಅಡಗಲು ಎತ್ತರದ ದಿವಾನ ಅಥವಾ ಕುರ್ಚಿ ಕೆಳಗಿನ ಜಾಗ ಇರಲಿ, ಅಲ್ಲಿಗೆ ಗುಂಡ ಹೋಗದಂತೆ ನೀವು ನೋಡಿಕೊಳ್ಳಬೇಕು.

ಕಿರುಚುವುದಕ್ಕೆ: ತಟ್ಟಿಯ ಮೇಲೆ ಹಳೇ ಬೆಡ್‌ಶೀಟ್ ಹಾಕಿ, ಹಿರಿಯರು ಕಾಣಬಾರದು. ಕಾಣುತ್ತೆ ಆದರೆ ಸಿಗಲ್ಲ ಅನ್ನೋದೇ ಕೂಗಿಸೋದು. ಬಾಯಿಗೆ ಕೆಲಸ ಕೊಡಿ. ಸ್ಟೀಲ್ ತಟ್ಟೆಗೆ ಗಟ್ಟಿ ಮೊಸರು ಸವರಿ ಫ್ರೀಜರಿನಲ್ಲಿ ಇಟ್ಟು ಗಟ್ಟಿಯಾದ ಮೇಲೆ ನೆಕ್ಕಲು ಕೊಡಿ, ಅಥವಾ ಒಗೆದ ಗೋಣಿ ಚೀಲದ ಮಡಿಕೆಗಳಲ್ಲಿ ಅವನ ಊಟದ ಕಾಳು ಉದುರಿಸಿ ಸುರುಳಿ ಸುತ್ತಿಡಿ. ಹುಡುಕಿ ತಿನ್ನೋಕೆ ಹತ್ತು ಹದಿನೈದು ನಿಮಿಷ ಬೇಕು, ಆಮೇಲೆ ನಿದ್ದೆ ಬರುತ್ತೆ. ಚೀಲವನ್ನೇ ಹರಿದು ನುಂಗುವ ಮರಿಯಾದರೆ ಇದು ಬೇಡ. ಬೇಯಿಸಿದ ಮೂಳೆ ಕೊಡಬೇಡಿ, ಚೂಪಾಗಿ ಸೀಳುತ್ತೆ. ಬೊಗಳಿ ಬೇಸರ ಹೇಳಿಕೊಳ್ಳೋದು ಬೇರೆ, ಜೊಲ್ಲು ಸುರಿಸಿ ತಟ್ಟಿ ಕಚ್ಚಿ ಗಾಬರಿ ಬೀಳೋದು ಬೇರೆ. ಮೊದಲನೇದಕ್ಕೆ ಎರಡು ಮೂರು ಸೆಕೆಂಡು ಸುಮ್ಮನಾದಾಗ ಹೋಗಿ ಮಾತಾಡಿಸಿ. ಎರಡನೇದಾದರೆ ಬಿಟ್ಟು ಕೂರಬೇಡಿ, ಒಳಗೆ ಹೋಗಿ ಜೊತೆಗೆ ಕೂತು, ಅಭ್ಯಾಸವನ್ನು ಅರ್ಧ ನಿಮಿಷದಿಂದ ಮತ್ತೆ ಶುರು ಮಾಡಿ.

ಆಟವೋ ಜಗಳವೋ: ಆಟದಲ್ಲಿ ಮೈ ಸಡಿಲ, ಬಾಯಿ ತೆರೆದಿರುತ್ತೆ, ಮುಂಗಾಲು ಚಾಚಿ ಪೃಷ್ಠ ಎತ್ತಿ ಬಾಗ್ತಾವೆ, ನಡುವೆ ನಿಲ್ಲಿಸಿ ಉಸಿರು ತಗೋತಾವೆ, ಒಮ್ಮೆ ಇವನು ಕೆಳಗೆ ಒಮ್ಮೆ ಅವಳು. ಒಂದೇ ನಾಯಿ ಯಾವಾಗಲೂ ಮೇಲೆ, ಇನ್ನೊಂದು ಯಾವಾಗಲೂ ಓಡಿಹೋಗ್ತಿದೆ ಅಂದರೆ ಅದು ಒಬ್ಬರ ಆಟ ಮಾತ್ರ. ಸಂಶಯ ಬಂದರೆ ಗುಂಡನನ್ನು ಹಗ್ಗದಲ್ಲಿ ಹಿಡಿದು ನಿಲ್ಲಿಸಿ ರೂಬಿಯನ್ನು ನೋಡಿ. ಅವಳಾಗಿ ಬಾಲ ಆಡಿಸುತ್ತಾ ಹತ್ತಿರ ಬಂದರೆ ಮುಂದುವರಿಸಿ. ಮೈ ಕೊಡವಿ ಬೇರೆ ಕಡೆ ಹೋದರೆ ಅವತ್ತಿನ ಆಟ ಮುಗೀತು.

ರೂಬಿಯ ಮೆಲ್ಲಗಿನ ಮಾತು ಅಂದೆನಲ್ಲ, ಅದು ಹೀಗೆ: ಮುಖ ಆಚೆ ತಿರುಗಿಸೋದು, ತಿಂಡಿ ಇಲ್ಲದೆ ತುಟಿ ನೆಕ್ಕಿಕೊಳ್ಳೋದು, ನಿದ್ದೆ ಬರದೆ ಆಕಳಿಸೋದು. ಇಲ್ಲೇ ಗುಂಡನನ್ನು ಕರೆದುಕೊಳ್ಳಿ. ಆಮೇಲೆ ಬರೋದು ಮೈ ಕಲ್ಲಾಗೋದು, ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣೋದು, ತುಟಿ ಮೇಲೇಳೋದು, ಗುರ್, ಗಾಳಿಗೆ ಹಲ್ಲು ಕಡಿಯೋದು. ಒಂದು ಸಲ ಗುರ್ ಅಂದಾಗ ಗುಂಡ ತಾನೇ ಹಿಂದೆ ಸರಿದರೆ ಭೇಷ್ ಅನ್ನಿ, ಚೂರು ಕೊಡಿ, ಅದು ಒಳ್ಳೆ ಪಾಠ. ಸರಿಯದೆ ಮತ್ತೆ ಹಾರಿದರೆ ಎರಡನೇ ಗುರ್‌ಗೆ ಕಾಯದೆ ಅವನನ್ನು ಹೊರಗೆ ಕರೆದುಕೊಂಡು ಹೋಗಿ, ಬೈಯದೆ, ಎರಡು ನಿಮಿಷ. ಮೂರು ಸಲ ಹೀಗಾದರೆ ಅವನಿಗೆ ನಿದ್ದೆ ಬಂದಿದೆ ಅಂತ ತಿಳಿಯಿರಿ.

ಹಗ್ಗ ಬಿಚ್ಚುವುದಕ್ಕೆ ದಿನದ ಲೆಕ್ಕ ಇಲ್ಲ. ರೂಬಿ ಮುಖ ತಿರುಗಿಸಿದಾಗ ಗುಂಡ ತಾನಾಗಿ ದೂರ ಹೋಗ್ತಿದ್ದಾನಾ, ಆಟದ ನಡುವೆ ಕರೆದರೆ ಬರ್ತಾನಾ, ಎರಡಕ್ಕೂ ಹೌದು ಅನ್ನಿಸಿದ ಮೇಲೆ, ಅದೂ ರೂಬಿಯ ಜೊತೆ ಮಾತ್ರ. ಚಿಂಟು ಜೊತೆ ಐದು ದಿನವೂ ಹಗ್ಗ ಇದ್ದರೆ ತಪ್ಪೇನಿಲ್ಲ, ಒಂದೇ ರೂಮಿನಲ್ಲಿ ಒಬ್ಬರನ್ನೊಬ್ಬರು ಲೆಕ್ಕಿಸದೆ ಮಲಗಿದರೆ ಅದೇ ಗೆಲುವು. ರಾತ್ರಿ, ಮತ್ತು ಮನೆಯವರೆಲ್ಲ ಹೊರಗೆ ಹೋದಾಗ, ಎಷ್ಟೇ ಹೊಂದಿಕೊಂಡಿದ್ದರೂ ಬೇರೆ ಬೇರೆ ರೂಮು.

ಸಕಲೇಶಪುರ_ರೊಬಸ್ಟಾ:

ಒಂದು ಬಿಟ್ಟುಹೋಗಿತ್ತು. ಜಗಳ ಹತ್ತಿಕೊಂಡರೆ ನಡುವೆ ಕೈ ಹಾಕಬೇಡಿ, ಕೂಗಬೇಡಿ, ಕೂಗಿದರೆ ರೋಷ ಏರುತ್ತೆ. ಜಗಲಿಯಲ್ಲಿ ಒಂದು ಬಕೆಟ್ ನೀರು, ಒಂದು ದಪ್ಪ ಕಂಬಳಿ ಸದಾ ಇರಲಿ. ಮುಖಕ್ಕೆ ನೀರು ಎರಚಿ, ಇಲ್ಲವೇ ಕಂಬಳಿ ಮೇಲೆ ಎಸೆದು, ಬಿಟ್ಟ ಕೂಡಲೇ ನಡುವೆ ಹಲಗೆಯೋ ಕುರ್ಚಿಯೋ ತೂರಿಸಿ. ಇಬ್ಬರು ಇದ್ದರೆ ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲು ತೊಡೆ ಹತ್ತಿರ ಹಿಡಿದು ಹಿಂದಕ್ಕೆ ನಡೆಸಬಹುದು, ಆದರೆ ರೂಬಿಗೆ ಸೊಂಟ ನೋವು, ಅವಳಿಗೆ ಇದು ಬೇಡ. ಜಗಳ ಆದ ಮೇಲೆ "ರಾಜಿ" ಮಾಡಿಸಲು ತಕ್ಷಣ ಎದುರು ತರಬೇಡಿ. ಆ ದಿನ ಪೂರ್ತಿ ಬೇರೆ ಇಟ್ಟು, ಮಾರನೇ ದಿನ ರಸ್ತೆ ನಡಿಗೆಯಿಂದ ಮತ್ತೆ ಶುರು.

ಕಣದ_ಕಾವಲುಗಾರ_ಬೇಲೂರು:

ಡಾಕ್ಟರಮ್ಮ, ಕೀಲು ನೋವಿನ ಮಾತು ಒಪ್ಪಿದೆ. ಲೈನಿನ ನಾಯಿಗಳನ್ನು ಮರೀಬೇಡಿ ಅಂತ ನನ್ನದೊಂದು ಸೇರಿಸ್ತೀನಿ. ಹೊಸ ನಾಯಿ ವಾಸನೆಗೆ ಅವು ಗೇಟ್ ತನಕ ಬಂದು ಬೊಗಳ್ತಾವೆ. ಒಳಗಿರುವ ಮೂರೂ ಗೇಟ್ ಹತ್ತಿರ ಸೇರಿ, ಆಚೆಯವು ಸಿಗದ ಸಿಟ್ಟಿಗೆ ತಮ್ಮತಮ್ಮಲ್ಲೇ ಕಚ್ಚಾಡಿಕೊಳ್ತಾವೆ. ಗೇಟಿಗೆ ಕೆಳಗಿಂದ ನಾಲ್ಕು ಅಡಿ ತನಕ ನರ್ಸರಿಯ ಹಸಿರು ನೆಟ್ ಕಟ್ಟಿ, ಕಣ್ಣಿಗೆ ಕಾಣದಿದ್ದರೆ ಅರ್ಧ ಗಲಾಟೆ ಇರಲ್ಲ. ಆ ಐದು ದಿನ ಲೈನಿನವರಿಗೂ ಒಂದು ಮಾತು ಹೇಳಿಡಿ, ಊಟದ ಹೊತ್ತಲ್ಲಿ ಅವರ ನಾಯಿ ಕಟ್ಟಿಕೊಳ್ಳಲಿ.

ಹೇಮಾವತಿ_ತಿರುವು:

ನೆಟ್ ವಿಷಯ ಸರಿಯಾಗಿದೆ. ಅತ್ತಿಗೆಗೆ ಈಗಲೇ ಫೋನ್ ಮಾಡಿ: ಲಸಿಕೆ ಕಾರ್ಡ್, ರೂಬಿಯ ಮಾತ್ರೆ, ಇಬ್ಬರ ಹಳೇ ಹಾಸಿಗೆ (ಒಗೆಯದೆ, ವಾಸನೆ ಇರಲಿ), ಊಟ ಐದು ದಿನಕ್ಕಾಗುವಷ್ಟು ಅವರದ್ದೇ. ಹಾಸಿಗೆ ಬಟ್ಟೆಯ ಒಂದು ತುಂಡನ್ನು ಮೊದಲೇ ಕಳಿಸಲು ಸಾಧ್ಯವಾದರೆ ಗುಂಡನ ಊಟದ ಜಾಗದ ಹತ್ತಿರ ಇಡಿ. ಚೆಂಡು ಮಾತ್ರ ತರಬೇಡಿ ಅನ್ನಿ.